ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯ ವೈಫೈಯಲ್ಲಿ ಹಾಡು ನಡುನಡುವೆ ನಿಲ್ಲುವುದೇಕೆ?

ಮನೆಯ ವೈಫೈ ಮೂಲಕ ಹಾಡು ಕೇಳುವಾಗ ಎದುರಾಗುವ ತೊಂದರೆಗಳ ಬಗ್ಗೆ ಕೊಡಗಿನ ಬೇರೆ ಬೇರೆ ಊರುಗಳಿಂದ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನ ಪತ್ರಗಳಲ್ಲಿ ಇಂಟರ್ನೆಟ್ಟಿನ ವೇಗ ಸಾಲುತ್ತಿಲ್ಲ ಎಂಬ ಅನುಮಾನವೇ ಮೊದಲು ಕಾಣಿಸುತ್ತದೆ. ಹಾಡಿಗೆ ಬೇಕಾಗುವ ವೇಗ ಬಹಳ ಕಡಿಮೆ. ಅದಕ್ಕೆ ಬೇಕಿರುವುದು ಕಡಿದುಹೋಗದ ಸಂಪರ್ಕ. ಆದ್ದರಿಂದ ದುಬಾರಿ ಪ್ಲಾನಿಗೆ ಹಣ ಕಟ್ಟುವ ಮೊದಲು ದಯವಿಟ್ಟು ಈ ಉತ್ತರಗಳನ್ನು ಓದಿ.

ಪ್ರಶ್ನೆ: ನಮ್ಮದು ನಾಪೋಕ್ಲು ಸಮೀಪದ ಹಳೆಯ ಐನ್‌ಮನೆ. ನಡುವೆ ತೊಟ್ಟಿ, ಸುತ್ತಲೂ ಕೋಣೆಗಳು, ಒಂದೂವರೆ ಅಡಿಗೂ ಮಿಕ್ಕಿದ ದಪ್ಪದ ಮಣ್ಣಿನ ಗೋಡೆಗಳು. ಮುಂಭಾಗದ ಆಫೀಸು ಕೋಣೆಯಲ್ಲಿ ಫೈಬರ್ ಸಂಪರ್ಕದ ರೂಟರ್ ಇದೆ. ಹಿಂಭಾಗದ ಊಟದ ಕೋಣೆಯಲ್ಲಿ ವೈಫೈ ಸ್ಪೀಕರ್ ಇಟ್ಟಿದ್ದೇವೆ. ಒಂದೆರಡು ಹಾಡು ಸರಿಯಾಗಿ ಬಂದು, ಆಮೇಲೆ ತಡೆದು ತಡೆದು ಬರುತ್ತದೆ. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಪ್ಲಾನನ್ನು 200ಕ್ಕೆ ಏರಿಸಿದರೂ ವ್ಯತ್ಯಾಸವಾಗಲಿಲ್ಲ. ಪುತ್ತರಿಗೆ ಕುಟುಂಬದವರೆಲ್ಲ ಸೇರುವುದರೊಳಗೆ ಸರಿಪಡಿಸಬೇಕೆಂದಿದ್ದೇವೆ. ಏನು ಮಾಡಬೇಕು?
– ಕಾಫಿ ಬೆಳೆಗಾರರು, ನಾಪೋಕ್ಲು

ಉತ್ತರ: ಪ್ಲಾನು ಏರಿಸಿದರೂ ಫಲ ಸಿಗಲಿಲ್ಲ ಎಂದು ನೀವು ಬರೆದಿರುವುದರಲ್ಲೇ ಅರ್ಧ ಉತ್ತರವಿದೆ. ಸ್ಪಾಟಿಫೈನಂಥ ಸೇವೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ 'ಅತ್ಯುತ್ತಮ' ಗುಣಮಟ್ಟದ ಹಾಡಿಗೆ 320 ಕೆಬಿಪಿಎಸ್ (ಸೆಕೆಂಡಿಗೆ 320 ಕಿಲೋಬಿಟ್), ಅಂದರೆ ಒಂದು ಎಂಬಿಪಿಎಸ್‌ನ ಮೂರನೆಯ ಒಂದು ಭಾಗದಷ್ಟು ಸಾಕು. ಏನೂ ಕುಗ್ಗಿಸದ ಸಿ.ಡಿ. ಗುಣಮಟ್ಟದ ಸಂಗೀತಕ್ಕೂ 1,411 ಕೆಬಿಪಿಎಸ್, ಅಂದರೆ ಒಂದೂವರೆ ಎಂಬಿಪಿಎಸ್‌ಗಿಂತ ಕಡಿಮೆ ಬೇಕಾಗುತ್ತದೆ. ಧ್ವನಿಯ ವಿಷಯದಲ್ಲಿ ತುಂಬ ಕಾಳಜಿ ಇರುವವರು ಹುಡುಕುವ 24 ಬಿಟ್, 96 ಕಿಲೋಹರ್ಟ್ಸ್ ಧ್ವನಿಮುದ್ರಣವನ್ನು ಕುಗ್ಗಿಸದೆ ಕಳುಹಿಸಿದರೂ ಅದು ಐದು ಎಂಬಿಪಿಎಸ್ ದಾಟುವುದಿಲ್ಲ. ನಿಮ್ಮ ಹಳೆಯ ಪ್ಲಾನಿನಲ್ಲೇ ಇದಕ್ಕೆಲ್ಲ ಧಾರಾಳವಾಗಿ ಜಾಗವಿತ್ತು. ಹಾಗಾಗಿ ತೊಂದರೆ ಇರುವುದು ರಸ್ತೆಯಿಂದ ನಿಮ್ಮ ಮನೆಗೆ ಬರುವ ಫೈಬರಿನಲ್ಲಲ್ಲ, ಆಫೀಸು ಕೋಣೆಯಿಂದ ಊಟದ ಕೋಣೆಗೆ ಹೋಗುವ ಗಾಳಿಯ ದಾರಿಯಲ್ಲಿ ಎಂದು ಬಲವಾಗಿ ಅನುಮಾನಿಸಬಹುದು.

ಹಾಡು ಮೊದಲು ಸರಿಯಾಗಿ ಬಂದು ಆಮೇಲೆ ತಡೆಯುವುದಕ್ಕೂ ಕಾರಣವಿದೆ. ಸ್ಪೀಕರ್ ಹಾಡನ್ನು ಬಂದ ಹಾಗೆಯೇ ನುಡಿಸುವುದಿಲ್ಲ. ಸ್ವಲ್ಪ ಭಾಗವನ್ನು ಮುಂಗಡವಾಗಿ ತರಿಸಿ ತನ್ನ ಸ್ಮರಣೆಯಲ್ಲಿ ಇಟ್ಟುಕೊಳ್ಳುತ್ತದೆ. ಮನೆಯ ಮಾಳಿಗೆಯ ಮೇಲಿನ ನೀರಿನ ಟ್ಯಾಂಕಿನಂತೆ, ಟ್ಯಾಂಕಿಗೆ ನೀರು ಬಿಟ್ಟು ಬಿಟ್ಟು ಬಂದರೂ ನಲ್ಲಿಯಲ್ಲಿ ಒಂದೇ ಸಮನೆ ಹರಿಯುತ್ತದೆ. ಬರುವುದಕ್ಕಿಂತ ಹೋಗುವುದು ಹೆಚ್ಚಾದಾಗ ಟ್ಯಾಂಕು ಬರಿದಾಗುತ್ತದೆ. ದುರ್ಬಲ ವೈಫೈಯಲ್ಲಿ ಕಳುಹಿಸಿದ ದತ್ತಾಂಶದ ತುಣುಕುಗಳು ಕಳೆದುಹೋಗುತ್ತವೆ, ಅವುಗಳನ್ನು ಮತ್ತೆ ಮತ್ತೆ ಕಳುಹಿಸಬೇಕಾಗುತ್ತದೆ, ಅಷ್ಟರಲ್ಲಿ ಮುಂಗಡ ಸಂಗ್ರಹ ಖಾಲಿಯಾಗಿ ಹಾಡು ನಿಲ್ಲುತ್ತದೆ.

ಅನುಮಾನವನ್ನು ಖಚಿತಪಡಿಸಿಕೊಳ್ಳುವ ದಾರಿ ಸುಲಭ. ಸ್ಪೀಕರನ್ನೇ ಎತ್ತಿಕೊಂಡು ಹೋಗಿ ರೂಟರ್ ಇರುವ ಕೋಣೆಯಲ್ಲಿ, ನಾಲ್ಕೈದು ಅಡಿ ದೂರದಲ್ಲಿಟ್ಟು ಒಂದು ಗಂಟೆ ಹಾಡು ಹಾಕಿ. ಅಲ್ಲಿ ಒಮ್ಮೆಯೂ ತಡೆಯದಿದ್ದರೆ ಇಂಟರ್ನೆಟ್ ಸೇವೆ, ಹಾಡಿನ ಆ್ಯಪ್, ಸ್ಪೀಕರ್ ಮೂರೂ ಸರಿಯಾಗಿವೆ, ಕೊರತೆ ಇರುವುದು ಗೋಡೆಗಳ ನಡುವೆ ಎಂದು ತಿಳಿಯಿರಿ. ಅಲ್ಲೂ ತಡೆದರೆ ಆಗ ಸೇವೆ ಕೊಡುವವರನ್ನು ಕೇಳಬೇಕು. ಇನ್ನೂ ಸ್ವಲ್ಪ ಸೂಕ್ಷ್ಮವಾಗಿ ನೋಡಬೇಕೆಂದರೆ, ವೈಫೈ ಸಂಕೇತದ ಬಲವನ್ನು ಅಳೆಯುವ ಉಚಿತ ಆ್ಯಪನ್ನು ಫೋನಿಗೆ ಹಾಕಿಕೊಂಡು ಊಟದ ಕೋಣೆಯಲ್ಲಿ ಸ್ಪೀಕರ್ ಇಡುವ ಜಾಗದಲ್ಲೇ ಫೋನನ್ನು ಇಟ್ಟು ನೋಡಿ. ಅಂಕಿ ಮೈನಸ್ ಚಿಹ್ನೆಯೊಂದಿಗೆ ಬರುತ್ತದೆ. ಮೈನಸ್ 50ರ ಆಸುಪಾಸು ಇದ್ದರೆ ಬಹಳ ಚೆನ್ನಾಗಿದೆ. ಮೈನಸ್ 65ರವರೆಗೂ ಹಾಡಿಗೆ ತೊಂದರೆಯಿಲ್ಲ. ಮೈನಸ್ 75 ದಾಟಿದರೆ ಹಾಡು ತಡೆಯುವ ಸಾಧ್ಯತೆ ಹೆಚ್ಚು. ಈ ಅಳತೆಯಲ್ಲಿ ಹತ್ತು ಅಂಕ ಇಳಿದರೆ ಸಂಕೇತದ ಬಲ ಹತ್ತನೆಯ ಒಂದು ಭಾಗಕ್ಕೆ ಇಳಿದಂತೆ. ಆದ್ದರಿಂದ 55 ಮತ್ತು 75ರ ನಡುವಿನ ಅಂತರ ನೂರು ಪಟ್ಟಿನದು.

ಹಳೆಯ ಕೊಡಗಿನ ಮನೆಗಳ ಗೋಡೆಗಳು ಚಳಿ ಮಳೆಯನ್ನು ತಡೆಯಲು ಕಟ್ಟಿದವು. ರೇಡಿಯೊ ತರಂಗಗಳನ್ನೂ ಅವು ಅಷ್ಟೇ ಚೆನ್ನಾಗಿ ತಡೆಯುತ್ತವೆ. ದಪ್ಪ ಮಣ್ಣಿನ ಗೋಡೆಯೂ ಕಲ್ಲಿನ ಗೋಡೆಯೂ, ಅದರಲ್ಲೂ ಮಳೆಗಾಲದಲ್ಲಿ ತೇವ ಹಿಡಿದಾಗ, ರೂಟರ್ ವೈಫೈ ಹರಡುವ ಎರಡು ಬ್ಯಾಂಡುಗಳಲ್ಲಿ (ತರಂಗಪಟ್ಟಿಗಳಲ್ಲಿ) ಹೆಚ್ಚು ವೇಗದ 5 ಗಿಗಾಹರ್ಟ್ಸನ್ನು ಬಹುಪಾಲು ನುಂಗಿಬಿಡುತ್ತವೆ. 2.4 ಗಿಗಾಹರ್ಟ್ಸ್ ತುಸು ಹೆಚ್ಚು ಒಳಹೋಗುತ್ತದೆ. ಹಾಡಿಗೆ ವೇಗ ಬೇಕಿಲ್ಲವಾದ್ದರಿಂದ ನಿಮ್ಮ ಸ್ಪೀಕರನ್ನು 2.4 ಗಿಗಾಹರ್ಟ್ಸ್‌ಗೆ ಸೇರಿಸುವುದು ಮೊದಲ ಹೆಜ್ಜೆ. ರೂಟರಿನ ಸೆಟ್ಟಿಂಗಿನಲ್ಲಿ ಎರಡು ಬ್ಯಾಂಡುಗಳಿಗೆ ಬೇರೆ ಬೇರೆ ಹೆಸರು ಕೊಟ್ಟರೆ ಯಾವುದಕ್ಕೆ ಸೇರಿದೆ ಎಂಬ ಗೊಂದಲವಿರುವುದಿಲ್ಲ.

ಎರಡನೆಯದು ರೂಟರ್ ಇರುವ ಜಾಗ. ಫೈಬರ್ ಹಾಕಲು ಬಂದವರು ತಂತಿ ಒಳಬರುವಲ್ಲಿಯೇ ಪೆಟ್ಟಿಗೆಯನ್ನು ಇಟ್ಟುಹೋಗುವುದು ರೂಢಿ, ಹೀಗಾಗಿ ಎಷ್ಟೋ ಮನೆಗಳಲ್ಲಿ ಅದು ಗೋಡೆಯ ಗೂಡಿನೊಳಗೆ, ಟಿ.ವಿ.ಯ ಹಿಂದೆ, ಇಲ್ಲವೇ ಕಬ್ಬಿಣದ ಬೀರುವಿನ ಪಕ್ಕದಲ್ಲಿ ಕುಳಿತಿರುತ್ತದೆ. ಬೀರುವಿನ ತಗಡಿನ ಮೂಲಕ ವೈಫೈ ಹಾದುಹೋಗುವುದೇ ಇಲ್ಲ. ಅದರ ಹಿಂದಿನ ಕೋಣೆಗಳು ಪೂರ್ತಿ ನೆರಳಿನಲ್ಲಿರುತ್ತವೆ. ಬಾಗಿಲಿಗೆ ಎದುರಾಗಿ, ಎದೆಯೆತ್ತರಕ್ಕಿಂತ ಮೇಲೆ, ತೊಟ್ಟಿಯ ಕಡೆಗೆ ತೆರೆದಿರುವ ಜಾಗಕ್ಕೆ ಅದನ್ನು ಸರಿಸಿ ನೋಡಿ. ತೊಟ್ಟಿ ಇರುವುದು ನಿಮಗೊಂದು ಅನುಕೂಲ, ಏಕೆಂದರೆ ಸಂಕೇತ ಅಂಗಳದ ಬಯಲನ್ನು ದಾಟಿ ಎದುರಿನ ಬಾಗಿಲಿನಿಂದ ಒಳಬರಬಲ್ಲದು. ಇಂಥ ಮನೆಗಳಲ್ಲಿ ಗೋಡೆಗಳನ್ನು ಭೇದಿಸುವ ಹಟಕ್ಕಿಂತ ಬಾಗಿಲು ಬಾಗಿಲುಗಳ ನೇರವನ್ನು ಹುಡುಕುವುದೇ ಹೆಚ್ಚು ಫಲ ಕೊಡುತ್ತದೆ.

ಇದರಿಂದಲೂ ಸಾಲದಿದ್ದರೆ ಅಂಗಡಿಯವರು ರಿಪೀಟರ್ (ವೈಫೈಯನ್ನು ಹಿಡಿದು ಮತ್ತೆ ಹರಡುವ ಪೆಟ್ಟಿಗೆ) ಕೊಳ್ಳಿ ಎನ್ನುತ್ತಾರೆ. ನನ್ನ ಸಲಹೆ ಬೇರೆ. ಅಗ್ಗದ ರಿಪೀಟರ್ ಒಂದೇ ಬ್ಯಾಂಡಿನಲ್ಲಿ ಕೇಳಿಸಿಕೊಂಡು ಅದೇ ಬ್ಯಾಂಡಿನಲ್ಲಿ ಮತ್ತೆ ಹೇಳಬೇಕಾಗುವುದರಿಂದ ಇರುವ ಸಾಮರ್ಥ್ಯ ಅರ್ಧಕ್ಕೆ ಇಳಿಯುತ್ತದೆ. ಅಲ್ಲದೆ ಜನ ಅದನ್ನು ಸಂಕೇತ ಬಾರದ ಕೋಣೆಯಲ್ಲೇ ಇಡುತ್ತಾರೆ, ಅಲ್ಲಿ ಅದಕ್ಕೂ ಕೇಳಿಸುವುದಿಲ್ಲ. ನಿಮ್ಮ ಮನೆಗೆ ಹೆಂಚಿನ ಮಾಡು ಇರುವುದಾದರೆ ಅಟ್ಟದ ಮೇಲೆ, ತೊಲೆಗಳ ಮಗ್ಗುಲಲ್ಲಿ ಒಂದು ಕ್ಯಾಟ್ 6 ನೆಟ್‌ವರ್ಕ್ ಕೇಬಲನ್ನು ಹಿಂಭಾಗದವರೆಗೆ ಎಳೆಸಿ, ಅದರ ತುದಿಗೆ ಒಂದು ಆ್ಯಕ್ಸೆಸ್ ಪಾಯಿಂಟ್ (ಕೇಬಲಿನಿಂದ ಬಂದ ನೆಟ್ಟನ್ನು ವೈಫೈಯಾಗಿ ಹರಡುವ ಪೆಟ್ಟಿಗೆ) ಹಾಕಿಸಿ. ಈ ಕೇಬಲ್ 100 ಮೀಟರ್‌ವರೆಗೆ ವೇಗ ಕುಗ್ಗದೆ ಕೆಲಸ ಮಾಡುತ್ತದೆ, ಮರದ ಮಾಡಿನಲ್ಲಿ ಗೋಡೆ ಕೊರೆಯುವ ಕೆಲಸವೂ ಕಡಿಮೆ. ಇಲಿಗಳ ಕಾಟವಿದ್ದರೆ ಪಿವಿಸಿ ಪೈಪಿನೊಳಗೆ ಹಾಯಿಸಬೇಕು. ನಿಮ್ಮ ಸ್ಪೀಕರಿಗೆ ಕೇಬಲ್ ಸಿಕ್ಕಿಸುವ ಜಾಗವಿದ್ದರೆ ನೇರವಾಗಿ ಅದಕ್ಕೇ ಕೊಡಿ. ಆಮೇಲೆ ಹಾಡು ತಡೆಯುವ ಮಾತೇ ಬರುವುದಿಲ್ಲ. ಹಲವು ಪೆಟ್ಟಿಗೆಗಳು ಸೇರಿ ಒಂದೇ ವೈಫೈ ಹರಡುವ ಮೆಶ್ ವ್ಯವಸ್ಥೆ ಕೊಳ್ಳುವುದಿದ್ದರೂ ಅದರ ಪೆಟ್ಟಿಗೆಗಳನ್ನು ಈ ಕೇಬಲಿನಿಂದಲೇ ಜೋಡಿಸಿ.

ಇನ್ನೊಂದು ಮಾತು. ಹಬ್ಬದ ದಿನ ನೆಲ್ಲಕ್ಕಿ ನಡುಬಾಡೆಯಲ್ಲಿ (ನಡುಮನೆಯಲ್ಲಿ) ಒಂದು, ಜಗಲಿಯಲ್ಲಿ ಒಂದು, ಊಟದ ಕೋಣೆಯಲ್ಲಿ ಒಂದು ಎಂದು ಹಲವು ಸ್ಪೀಕರುಗಳನ್ನು ಗುಂಪು ಮಾಡಿ ಒಂದೇ ಹಾಡು ಹಾಕುವ ಆಸೆಯಿದ್ದರೆ, ಆ ಗುಂಪಿನಲ್ಲಿ ಸಂಕೇತ ಅತ್ಯಂತ ದುರ್ಬಲವಾಗಿರುವ ಸ್ಪೀಕರ್ ಉಳಿದವನ್ನೂ ತಡೆಯಬಲ್ಲದು, ಏಕೆಂದರೆ ಎಲ್ಲವೂ ಒಂದೇ ಕ್ಷಣಕ್ಕೆ ನುಡಿಯಲು ಪರಸ್ಪರ ಕಾಲ ಹೊಂದಿಸಿಕೊಳ್ಳಬೇಕಾಗುತ್ತದೆ. ಮೊದಲು ಒಂದೊಂದನ್ನೇ ಬೇರೆ ಬೇರೆಯಾಗಿ ಪರೀಕ್ಷಿಸಿ, ಆಮೇಲೆ ಗುಂಪಿಗೆ ಸೇರಿಸಿ.

ಪ್ರಶ್ನೆ: ಮಡಿಕೇರಿಯಲ್ಲಿ ಹೋಂಸ್ಟೇ ನಡೆಸುತ್ತಿದ್ದೇನೆ. ಫೈಬರ್ ಕಂಪನಿಯವರು ಕೊಟ್ಟ ಪೆಟ್ಟಿಗೆಯ ವೈಫೈ ಅತಿಥಿಗಳ ಕೋಣೆಗಳಿಗೆ ತಲುಪದ ಕಾರಣ ಹೊಸದೊಂದು ರೂಟರ್ ತಂದು ಅದಕ್ಕೆ ಜೋಡಿಸಿದೆ. ಅಂದಿನಿಂದ ಹಾಲ್‌ನಲ್ಲಿರುವ ಸ್ಪೀಕರ್ ನನ್ನ ಫೋನಿನಲ್ಲಿ ಒಮ್ಮೆ ಕಾಣಿಸುತ್ತದೆ, ಒಮ್ಮೆ ಕಾಣಿಸುವುದಿಲ್ಲ. ಅತಿಥಿಗಳ ಫೋನಿನಲ್ಲಂತೂ ಕಾಣುವುದೇ ಇಲ್ಲ. ಜೊತೆಗೆ ಸಂಜೆ ಹೊತ್ತು ಹಾಡು ಆಗಾಗ ನಿಲ್ಲುತ್ತದೆ.
– ಹೋಂಸ್ಟೇ ಮಾಲೀಕರು, ಮಡಿಕೇರಿ

ಉತ್ತರ: ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಸ್ಪೀಕರ್ ಕಾಣಿಸದಿರುವುದನ್ನು ಮೊದಲು ನೋಡೋಣ. ಫೋನಿನಲ್ಲಿ ಸ್ಪೀಕರಿನ ಗುರುತನ್ನು ಒತ್ತಿದಾಗ ಫೋನು ತಾನಿರುವ ನೆಟ್‌ವರ್ಕಿನಲ್ಲಿ 224.0.0.251 ಎಂಬ ಸಾಮೂಹಿಕ ವಿಳಾಸಕ್ಕೆ ಒಂದು ಕರೆ ಕಳುಹಿಸುತ್ತದೆ, ಅದನ್ನು ಕೇಳಿದ ಸ್ಪೀಕರ್ ಉತ್ತರಿಸುತ್ತದೆ. ಈ ಕರೆ ಒಂದು ನೆಟ್‌ವರ್ಕಿನ ಗಡಿ ದಾಟಿ ಇನ್ನೊಂದಕ್ಕೆ ಹೋಗುವುದಿಲ್ಲ. ನೀವು ಹೊಸ ರೂಟರನ್ನು ಹಳೆಯದಕ್ಕೆ ಹಾಗೆಯೇ ಜೋಡಿಸಿರುವುದರಿಂದ ಮನೆಯಲ್ಲಿ ಎರಡು ಪ್ರತ್ಯೇಕ ನೆಟ್‌ವರ್ಕುಗಳಾಗಿವೆ. ಫೋನು ಒಂದರಲ್ಲಿ, ಸ್ಪೀಕರ್ ಇನ್ನೊಂದರಲ್ಲಿ ಇದ್ದಾಗ ಒಂದಕ್ಕೊಂದು ಕಾಣುವುದಿಲ್ಲ. ನಡೆದಾಡುವಾಗ ಫೋನು ತಾನಾಗಿ ಮತ್ತೊಂದಕ್ಕೆ ಹಾರಿದಾಗ ಕಾಣುತ್ತದೆ. ಫೋನಿನ ವೈಫೈ ವಿವರದಲ್ಲಿ ಐಪಿ ವಿಳಾಸವನ್ನು (ನೆಟ್‌ವರ್ಕಿನಲ್ಲಿ ಫೋನಿನ ಗುರುತಿನ ಸಂಖ್ಯೆಯನ್ನು) ಎರಡೂ ಕಡೆ ನೋಡಿ. ಒಂದು ಕಡೆ 192.168.1ರಿಂದ, ಇನ್ನೊಂದು ಕಡೆ 192.168.0ರಿಂದ ಆರಂಭವಾದರೆ ಇದೇ ಕಾರಣ.

ಪರಿಹಾರಕ್ಕೆ ಹೊಸ ಸಾಮಾನು ಬೇಡ. ಹೊಸ ರೂಟರಿನ ಸೆಟ್ಟಿಂಗಿನಲ್ಲಿ 'ಆ್ಯಕ್ಸೆಸ್ ಪಾಯಿಂಟ್ ಮೋಡ್' ಎಂಬುದನ್ನು ಆರಿಸಿ. ಆಗ ವಿಳಾಸ ಹಂಚುವ ಕೆಲಸವನ್ನು ಕಂಪನಿಯ ಪೆಟ್ಟಿಗೆ ಮಾತ್ರ ಮಾಡುತ್ತದೆ, ಹೊಸದು ವೈಫೈ ಹರಡುವುದಷ್ಟನ್ನೇ ಮಾಡುತ್ತದೆ, ಮನೆಯೆಲ್ಲ ಒಂದೇ ನೆಟ್‌ವರ್ಕ್ ಆಗುತ್ತದೆ. ಆಮೇಲೂ ಕಾಣದಿದ್ದರೆ 'ಎಪಿ ಐಸೊಲೇಶನ್' ಅಥವಾ 'ಕ್ಲೈಂಟ್ ಐಸೊಲೇಶನ್' ಎಂಬ ಆಯ್ಕೆ ಚಾಲೂ ಇದೆಯೇ ನೋಡಿ; ಅದು ಒಂದೇ ವೈಫೈಯಲ್ಲಿರುವ ಸಾಧನಗಳು ಒಂದಕ್ಕೊಂದು ಕಾಣದಂತೆ ಮಾಡುತ್ತದೆ, ಇದ್ದರೆ ತೆಗೆಯಿರಿ. ಕೆಲವು ರೂಟರುಗಳಲ್ಲಿ 'ಐಜಿಎಂಪಿ ಸ್ನೂಪಿಂಗ್' ಎಂಬ ಆಯ್ಕೆಯೂ ಈ ಸಾಮೂಹಿಕ ಕರೆಯನ್ನು ತಪ್ಪಾಗಿ ತಡೆಯುವುದುಂಟು. ಅದನ್ನು ಇದ್ದ ಸ್ಥಿತಿಯಿಂದ ಬದಲಾಯಿಸಿ ನೋಡಬಹುದು.

ಅತಿಥಿಗಳ ಫೋನಿನಲ್ಲಿ ಸ್ಪೀಕರ್ ಕಾಣಬೇಕೆಂದು ಅವರಿಗೆ ನಿಮ್ಮ ಮನೆಯ ನೆಟ್‌ವರ್ಕಿನ ಪಾಸ್‌ವರ್ಡ್ ಕೊಡಬೇಡಿ ಎಂದು ಒತ್ತಿ ಹೇಳುತ್ತೇನೆ. ಆ ನೆಟ್‌ವರ್ಕಿನಲ್ಲಿ ನಿಮ್ಮ ಸಿಸಿಟಿವಿ ಕ್ಯಾಮೆರಾ, ಬಿಲ್ಲು ಬರೆಯುವ ಕಂಪ್ಯೂಟರ್ ಎಲ್ಲವೂ ಇರುತ್ತವೆ. ಅತಿಥಿಗಳಿಗೆ ಪ್ರತ್ಯೇಕ ಗೆಸ್ಟ್ ನೆಟ್‌ವರ್ಕ್ ಕೊಡಿ, ಅವರು ಹಾಡು ಹಾಕಬೇಕೆಂದರೆ ಬ್ಲೂಟೂತ್ ಬಳಸಲಿ.

ಸಂಜೆಯ ತಡೆಗೆ ಕಾರಣ ಸಾಮಾನ್ಯವಾಗಿ ಅಪ್‌ಲೋಡ್. ದಿನವಿಡೀ ಅಬ್ಬಿ ಜಲಪಾತ, ರಾಜಾಸೀಟು ಸುತ್ತಿ ಬಂದ ಅತಿಥಿಗಳ ಫೋನುಗಳು ವೈಫೈ ಸಿಕ್ಕಿದೊಡನೆ ಆ ದಿನದ ಫೋಟೊ, ವಿಡಿಯೊಗಳನ್ನೆಲ್ಲ ತಾವಾಗಿಯೇ ಮೇಲಕ್ಕೆ ಕಳುಹಿಸಲು ತೊಡಗುತ್ತವೆ. ಕೆಳಗೆ ಬರುವ ಹಾಡಿಗೂ 'ತಲುಪಿತು, ಮುಂದಿನದನ್ನು ಕಳುಹಿಸು' ಎಂಬ ಚಿಕ್ಕ ಸಂದೇಶಗಳು ಮೇಲಕ್ಕೆ ಹೋಗುತ್ತಲೇ ಇರಬೇಕು. ಆ ದಾರಿ ತುಂಬಿ ಅವು ಸಾಲಿನಲ್ಲಿ ಕಾದರೆ ಹಾಡೂ ಕಾಯುತ್ತದೆ. ರೂಟರಿನಲ್ಲಿ ಗೆಸ್ಟ್ ನೆಟ್‌ವರ್ಕಿನ ಅಪ್‌ಲೋಡ್ ವೇಗಕ್ಕೆ ಮಿತಿ ಹಾಕುವ ಸೌಲಭ್ಯವಿದ್ದರೆ ಒಟ್ಟು ವೇಗದ ಅರ್ಧಕ್ಕೆ ನಿಲ್ಲಿಸಿ. ಅಕ್ಕಪಕ್ಕದಲ್ಲಿ ಹೋಂಸ್ಟೇಗಳು ಒತ್ತಾಗಿದ್ದರೆ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು 1, 6 ಮತ್ತು 11 ಮಾತ್ರ ಎಂಬುದನ್ನು ನೆನಪಿಡಿ. ಇವುಗಳಲ್ಲಿ ನೆರೆಯವರ ಹಾವಳಿ ಕಡಿಮೆಯಿರುವುದನ್ನು ಆರಿಸಿ, ಚಾನೆಲ್ಲಿನ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಡಿ.

ಪ್ರಶ್ನೆ: ನಿವೃತ್ತ ಶಿಕ್ಷಕಿ. ಬೆಳಿಗ್ಗೆ ಫೋನಿನ ಆ್ಯಪ್‌ನಲ್ಲಿ ಆಕಾಶವಾಣಿ ಕೇಳುವ ಅಭ್ಯಾಸ. ಅದೇ ಫೋನು, ಅದೇ ವೈಫೈಯಲ್ಲಿ ಬೇರೆ ಆ್ಯಪ್‌ನ ಹಾಡುಗಳು ಸರಾಗವಾಗಿ ಬರುತ್ತವೆ, ಆಕಾಶವಾಣಿ ಮಾತ್ರ ಕಡಿಯುತ್ತದೆ. ಹೀಗೇಕೆ?
– ಓದುಗರು, ವಿರಾಜಪೇಟೆ

ಉತ್ತರ: ಸಿದ್ಧವಿರುವ ಹಾಡನ್ನು ಆ್ಯಪ್ ಬಹಳ ಮುಂಚಿತವಾಗಿಯೇ ತರಿಸಿಕೊಳ್ಳಬಲ್ಲದು, ಎಷ್ಟೋ ಸಲ ಪೂರ್ತಿ ಹಾಡು ಮೊದಲ ನಿಮಿಷದಲ್ಲೇ ಬಂದು ಕುಳಿತಿರುತ್ತದೆ. ನೇರಪ್ರಸಾರದಲ್ಲಿ ಇನ್ನೂ ಆಡದ ಮಾತನ್ನು ಮುಂಗಡವಾಗಿ ತರಲಾಗದು, ಕೆಲವೇ ಸೆಕೆಂಡುಗಳ ಸಂಗ್ರಹವಷ್ಟೇ ಇರುತ್ತದೆ. ಆದ್ದರಿಂದ ಹಾಡಿನಲ್ಲಿ ಅಡಗಿಹೋಗುವ ವೈಫೈಯ ಸಣ್ಣ ಕಡಿತಗಳೆಲ್ಲ ರೇಡಿಯೊದಲ್ಲಿ ಕೇಳಿಸುತ್ತವೆ. ಫೋನನ್ನು ರೂಟರಿನ ಕೋಣೆಯಲ್ಲಿಟ್ಟು ಕೇಳಿ, ಆಮೇಲೆ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಕೇಳಿ. ಎರಡರಲ್ಲೂ ಕಡಿದರೆ ತೊಂದರೆ ಪ್ರಸಾರದ ಸರ್ವರಿನದು, ನಿಮ್ಮ ಮನೆಯದಲ್ಲ. ನೀವು ಕೇಳುವುದು ಮಡಿಕೇರಿ ಕೇಂದ್ರವೇ ಆಗಿದ್ದರೆ ಅದು ಎಫ್ಎಂ 103.1 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಬ್ಯಾಟರಿ ಹಾಕುವ ಒಂದು ಸಾಧಾರಣ ರೇಡಿಯೊ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಕರೆಂಟೂ ನೆಟ್ಟೂ ಇಲ್ಲದ ದಿನ ಹವಾಮಾನದ ಸುದ್ದಿಗೂ ಅದು ಬೇಕಾಗುತ್ತದೆ.

ಪ್ರಶ್ನೆ: ನಮ್ಮ ಊರಿನಲ್ಲಿ ಮಳೆ ಹಿಡಿಯಿತೆಂದರೆ ದಿನಕ್ಕೆ ಹಲವು ಸಲ ಕರೆಂಟು ಹೋಗಿ ಬರುತ್ತದೆ. ಕರೆಂಟು ಬಂದ ಮೇಲೆ ಫೋನಿಗೆ ವೈಫೈ ಸಿಗುತ್ತದೆ, ಸ್ಪೀಕರ್ ಮಾತ್ರ ಸೇರುವುದಿಲ್ಲ. ಒಮ್ಮೊಮ್ಮೆ ಕರೆಂಟು ಇದ್ದರೂ ಫೈಬರ್ ಪೆಟ್ಟಿಗೆಯಲ್ಲಿ ಕೆಂಪು ದೀಪ ಉರಿಯುತ್ತದೆ.
– ಓದುಗರು, ಸೋಮವಾರಪೇಟೆ

ಉತ್ತರ: ಕರೆಂಟು ಬಂದೊಡನೆ ಸ್ಪೀಕರ್ ಕೆಲವೇ ಸೆಕೆಂಡುಗಳಲ್ಲಿ ಎದ್ದು ವೈಫೈ ಹುಡುಕುತ್ತದೆ, ರೂಟರ್ ಎದ್ದು ಫೈಬರಿನ ಇನ್ನೊಂದು ತುದಿಯೊಡನೆ ಮಾತಾಡಿ ಸಿದ್ಧವಾಗಲು ಒಂದೆರಡು ನಿಮಿಷ ಬೇಕು. ಹುಡುಕಿ ಸಿಗದೆ ಕೆಲವು ಸ್ಪೀಕರುಗಳು ಪ್ರಯತ್ನವನ್ನೇ ಬಿಟ್ಟುಬಿಡುತ್ತವೆ. ರೂಟರ್ ಪೂರ್ತಿ ಸಿದ್ಧವಾದ ಮೇಲೆ ಸ್ಪೀಕರಿನ ಪ್ಲಗ್ ತೆಗೆದು ಹಾಕಿದರೆ ಆ ಹೊತ್ತಿಗೆ ಸರಿಹೋಗುತ್ತದೆ. ಶಾಶ್ವತ ಪರಿಹಾರವೆಂದರೆ ರೂಟರಿಗಾಗಿಯೇ ಸಿಗುವ 12 ವೋಲ್ಟಿನ ಚಿಕ್ಕ ಯುಪಿಎಸ್. ಕೊಳ್ಳುವ ಮೊದಲು ನಿಮ್ಮ ಪೆಟ್ಟಿಗೆಯ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ಅಂಕಿಗಳನ್ನು ತಾಳೆ ನೋಡಿ; ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬಹುದು. ರೂಟರಿನ ಸೆಟ್ಟಿಂಗಿನಲ್ಲಿ ಸ್ಪೀಕರಿಗೆ ಒಂದು ಖಾಯಂ ಐಪಿ ವಿಳಾಸವನ್ನು ಕಾದಿರಿಸಿದರೆ ಪ್ರತಿ ಸಲ ವಿಳಾಸ ಬದಲಾಗಿ ಆ್ಯಪ್‌ಗೆ ಗೊಂದಲವಾಗುವುದೂ ತಪ್ಪುತ್ತದೆ.

ಕೆಂಪು ದೀಪದ ವಿಷಯ ಬೇರೆ. 'ಲಾಸ್' ಎಂಬ ಗುರುತಿನ ಆ ದೀಪ ಉರಿದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ, ಇಲ್ಲವೇ ಸಾಲುವಷ್ಟು ಬರುತ್ತಿಲ್ಲ ಎಂದರ್ಥ, ರೂಟರನ್ನು ಎಷ್ಟು ಸಲ ಆರಿಸಿ ಹಾಕಿದರೂ ಪ್ರಯೋಜನವಿಲ್ಲ. ಮರದ ಕೊಂಬೆ ಬಿದ್ದು ತಂತಿ ಮಡಚಿಕೊಂಡಿರಬಹುದು, ಕಂಬದ ಮೇಲಿನ ಜೋಡಣೆಯ ಡಬ್ಬಿಯೊಳಗೆ ನೀರು ಸೇರಿರಬಹುದು. ಸೇವೆಯವರಿಗೆ ದೂರು ಕೊಡುವಾಗ 'ನೆಟ್ ಇಲ್ಲ' ಎನ್ನುವ ಬದಲು 'ಲಾಸ್ ದೀಪ ಕೆಂಪಾಗಿದೆ, ನಮ್ಮ ಪೆಟ್ಟಿಗೆಗೆ ಬರುತ್ತಿರುವ ಬೆಳಕಿನ ಮಟ್ಟ ಎಷ್ಟು ನೋಡಿ' ಎಂದು ಹೇಳಿ. ಆ ಅಂಕಿ ಮೈನಸ್ 27ಕ್ಕಿಂತ ಕೆಳಗೆ ಹೋದರೆ ಮನೆಗಳಲ್ಲಿ ಹಾಕುವ ಸಾಮಾನ್ಯ ಫೈಬರ್ (ಜಿಪಾನ್) ಪೆಟ್ಟಿಗೆಗಳಿಗೆ ಅದು ಸಾಲುವುದಿಲ್ಲ. ದೀಪ ಹಸಿರಾಗಿದ್ದು ಮಳೆ ಜೋರಾದಾಗಷ್ಟೇ ಹಾಡು ಕಡಿಯುವುದಾದರೂ ಈ ಅಂಕಿಯನ್ನು ಕೇಳುವುದು ಒಳ್ಳೆಯದು.

ಪ್ರಶ್ನೆ: ಫೋನಿನ ಪರದೆ ಆರಿದ ಸ್ವಲ್ಪ ಹೊತ್ತಿಗೆ ಹಾಡು ನಿಂತುಹೋಗುತ್ತದೆ, ಪರದೆ ಹೊತ್ತಿಸಿದರೆ ಮತ್ತೆ ಬರುತ್ತದೆ. ವೈಫೈ ಸಮಸ್ಯೆಯೇ?
– ಕಾಲೇಜು ವಿದ್ಯಾರ್ಥಿ, ಗೋಣಿಕೊಪ್ಪಲು

ಉತ್ತರ: ಅಲ್ಲ. ಬ್ಯಾಟರಿ ಉಳಿಸಲು ಫೋನು ಆ್ಯಪನ್ನು ಹಿನ್ನೆಲೆಯಲ್ಲಿ ನಿಲ್ಲಿಸುತ್ತಿದೆ. ಸೆಟ್ಟಿಂಗಿನಲ್ಲಿ ಆ ಆ್ಯಪ್‌ನ ಬ್ಯಾಟರಿ ವಿಭಾಗಕ್ಕೆ ಹೋಗಿ 'ಅನ್‌ರಿಸ್ಟ್ರಿಕ್ಟೆಡ್' ಅಥವಾ 'ನಿರ್ಬಂಧವಿಲ್ಲ' ಎಂಬುದನ್ನು ಆರಿಸಿ.

ಪ್ರಶ್ನೆ: ಭಾಗಮಂಡಲದ ಕಡೆ ನಮ್ಮ ಮನೆಗೆ ಫೈಬರ್ ಬಂದಿಲ್ಲ. ಸಿಮ್ ಹಾಕುವ 4ಜಿ ರೂಟರ್ ಬಳಸುತ್ತೇವೆ. ಹಾಡು ಯಾವಾಗ ಬರುತ್ತದೆ, ಯಾವಾಗ ಇಲ್ಲ ಎಂದು ಹೇಳಲಾಗದು. ಡೇಟಾ ಬೇಗ ಮುಗಿಯುತ್ತದೆಂಬ ಚಿಂತೆಯೂ ಇದೆ.
– ಗೃಹಿಣಿ, ಭಾಗಮಂಡಲ

ಉತ್ತರ: ನಿಮ್ಮ ಮನೆಯಲ್ಲಿ ರೂಟರ್ ಎರಡು ಕೆಲಸ ಮಾಡಬೇಕು: ಗುಡ್ಡದಾಚೆಯ ಟವರಿನ ಸಂಕೇತ ಹಿಡಿಯಬೇಕು, ಮನೆಯೊಳಗೆ ವೈಫೈ ಹರಡಬೇಕು. ಮೊದಲನೆಯದೇ ಮುಖ್ಯ. ರೂಟರಿನ ಸ್ಥಿತಿಯ ಪುಟದಲ್ಲಿ 'ಆರ್‌ಎಸ್‌ಆರ್‌ಪಿ' ಎಂಬ ಅಂಕಿ ಇರುತ್ತದೆ, ಅದು ಟವರಿನಿಂದ ಬರುವ ಸಂಕೇತದ ಬಲದ ಅಳತೆ. ಮೈನಸ್ 90ರ ಒಳಗಿದ್ದರೆ ಚೆನ್ನ, ಮೈನಸ್ 110 ದಾಟಿದರೆ ಕಷ್ಟ. ರೂಟರನ್ನು ಒಂದೊಂದೇ ಕಿಟಕಿಯಲ್ಲಿಟ್ಟು, ಸಾಧ್ಯವಾದರೆ ಮೇಲಂತಸ್ತಿನ ಕಿಟಕಿಯಲ್ಲೂ ಇಟ್ಟು, ಪ್ರತಿ ಸಲ ಒಂದೆರಡು ನಿಮಿಷ ಕಾದು ಅಂಕಿಯನ್ನು ಬರೆದುಕೊಳ್ಳಿ. ಮಾಡಿಗೆ ತಗಡಿನ ಶೀಟು ಇದ್ದರೆ ಅದರ ಕೆಳಗಿನ ಅಟ್ಟದಲ್ಲಿ ಇಡಬೇಡಿ. ಅತ್ಯುತ್ತಮ ಜಾಗ ಮನೆಯ ಮೂಲೆಯಲ್ಲಿದ್ದರೂ ಅಲ್ಲೇ ಇಟ್ಟು, ಒಳಗಿನ ವೈಫೈಗೆ ಮೊದಲ ಉತ್ತರದಲ್ಲಿ ಹೇಳಿದಂತೆ ಕೇಬಲ್ ಎಳೆಸಿ.

ಡೇಟಾದ ಲೆಕ್ಕ ಹೀಗಿದೆ: 320 ಕೆಬಿಪಿಎಸ್‌ನಲ್ಲಿ ಒಂದು ಗಂಟೆ ಹಾಡು ಕೇಳಿದರೆ 144 ಎಂಬಿ, 160ರಲ್ಲಿ 72 ಎಂಬಿ, 96ರಲ್ಲಿ ಸುಮಾರು 43 ಎಂಬಿ ಖರ್ಚಾಗುತ್ತದೆ. ಅಡುಗೆಮನೆಯಲ್ಲಿ ಕೆಲಸ ಮಾಡುತ್ತ ಕೇಳುವಾಗ 96ಕ್ಕೂ 320ಕ್ಕೂ ಇರುವ ವ್ಯತ್ಯಾಸ ಅಷ್ಟಾಗಿ ತಿಳಿಯದು. ಹಾಡುಗಳನ್ನು ವಿಡಿಯೊ ಆ್ಯಪ್‌ನಲ್ಲಿ ಕೇಳುವ ಅಭ್ಯಾಸವಿದ್ದರೆ ಡೇಟಾ ಮುಗಿಯಲು ಮುಖ್ಯ ಕಾರಣ ಅದೇ. ಕಣ್ಣಿಗೆ ಬೇಡದ ಚಿತ್ರಕ್ಕೇ ಹೆಚ್ಚಿನ ಪಾಲು ಹೋಗುತ್ತದೆ. ಹಣ ಕೊಟ್ಟು ಚಂದಾದಾರರಾದ ಸೇವೆಯಿದ್ದರೆ ಬೆಳಗಿನ ಜಾವ ಟವರಿನ ಮೇಲೆ ಹೊರೆ ಕಡಿಮೆಯಿರುವಾಗ ಬೇಕಾದ ಹಾಡುಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಸ್ಪಾಟಿಫೈಯಲ್ಲಿ ಹೀಗೆ ಇಳಿಸಿಕೊಂಡ ಹಾಡುಗಳು ಉಳಿಯಬೇಕಾದರೆ 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್ಟಿಗೆ ಸೇರಬೇಕು. ಕಕ್ಕಡದ (ಜುಲೈ–ಆಗಸ್ಟ್) ಮಳೆಗೆ ಮೊದಲೇ ಈ ಕೆಲಸ ಮುಗಿಸಿಕೊಂಡರೆ ಟವರಿಗೆ ಕರೆಂಟಿಲ್ಲದ ದಿನಗಳಲ್ಲೂ ಹಾಡು ಕೈಯಲ್ಲಿರುತ್ತದೆ.

ಪ್ರಶ್ನೆ: ಸಿದ್ದಾಪುರದ ಸಮೀಪ ನಮ್ಮ ತೋಟವಿದೆ. ಮನೆಯಿಂದ ಕಾಫಿ ಕಣ ಮತ್ತು ಗೋದಾಮಿಗೆ ಸುಮಾರು 200 ಮೀಟರ್. ಬೇಸಿಗೆಯಲ್ಲಿ ಮನೆಯ ಮಾಡಿನ ಮೇಲಿಟ್ಟ ಹೊರಾಂಗಣದ ವೈಫೈ ಸಾಧನದಿಂದ ಗೋದಾಮಿಗೆ ಹೇಗೋ ಸಂಕೇತ ಬರುತ್ತಿತ್ತು, ಕೆಲಸದವರು ಹಾಡು ಕೇಳುತ್ತಿದ್ದರು. ಜೂನ್ ಬಂತೆಂದರೆ ಏನೂ ಇಲ್ಲ. ಸಾಧನ ಕೆಟ್ಟಿದೆಯೇ?
– ಬೆಳೆಗಾರರು, ಸಿದ್ದಾಪುರ

ಉತ್ತರ: ಸಾಧನ ಕೆಟ್ಟಿರಲಾರದು. ನೀರು ಈ ತರಂಗಗಳನ್ನು ಹೀರಿಕೊಳ್ಳುತ್ತದೆ. ಗಾಳಿಯಲ್ಲಿ ಬೀಳುವ ಮಳೆಹನಿಗಳಿಂದ ಇಷ್ಟು ದೂರಕ್ಕೆ ಗಮನಿಸುವಂಥ ನಷ್ಟವಿಲ್ಲ, ಆದರೆ ನಡುವೆ ಇರುವ ಸಿಲ್ವರ್ ಮರಗಳು, ಅವುಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಹೊಸ ಚಿಗುರಿನಿಂದ ದಟ್ಟವಾದ ಕಾಫಿ ಗಿಡಗಳು, ಇವುಗಳ ಪ್ರತಿ ಎಲೆಯ ಮೇಲೂ ನೀರು ನಿಂತಾಗ ಅದೊಂದು ಒದ್ದೆ ಗೋಡೆಯೇ ಆಗುತ್ತದೆ. ಬೇಸಿಗೆಯಲ್ಲಿ ಮರಗಸಿ ಮಾಡಿ (ನೆರಳಿನ ಮರಗಳ ಕೊಂಬೆ ಕಡಿಸಿ) ಬೆಳಕು ಬಿಟ್ಟ ಮೇಲೆ ಸಂಕೇತ ಸುಧಾರಿಸುವುದೂ ಇದೇ ಕಾರಣಕ್ಕೆ.

ಗಾಳಿಯಲ್ಲೇ ಕಳುಹಿಸಬೇಕೆಂದರೆ ಒಂದೇ ದಿಕ್ಕಿಗೆ ಕಳುಹಿಸುವ ಜೋಡಿ ಸಾಧನಗಳನ್ನು ಎರಡೂ ತುದಿಯಲ್ಲಿ ಎತ್ತರಕ್ಕೆ ನಿಲ್ಲಿಸಬೇಕು, ಒಂದರಿಂದ ಇನ್ನೊಂದು ಕಣ್ಣಿಗೆ ನೇರವಾಗಿ ಕಾಣಬೇಕು. ಅಷ್ಟೇ ಸಾಲದು, 5.8 ಗಿಗಾಹರ್ಟ್ಸ್‌ನಲ್ಲಿ 200 ಮೀಟರ್ ಸಂಪರ್ಕದ ನಡುಭಾಗದಲ್ಲಿ ಆ ನೇರ ಗೆರೆಯ ಸುತ್ತ ಒಂದೂವರೆ ಮೀಟರಿಗೂ ತುಸು ಹೆಚ್ಚು ಜಾಗ ಯಾವ ಕೊಂಬೆಯೂ ಇಲ್ಲದೆ ತೆರವಾಗಿರಬೇಕು. ನೆರಳಿನ ಮರಗಳಿಲ್ಲದೆ ಕಾಫಿ ತೋಟವಿಲ್ಲ, ಆದ್ದರಿಂದ ಹೆಚ್ಚಿನ ತೋಟಗಳಲ್ಲಿ ಇದು ಆಗದ ಮಾತು. ಸಂಕೇತಕ್ಕಾಗಿ ಮರ ಕಡಿಸುವ ಯೋಚನೆಯನ್ನು ದಯವಿಟ್ಟು ಮಾಡಬೇಡಿ.

ನಾನು ಸೂಚಿಸುವುದು ಫೈಬರ್. ತಾಮ್ರದ ಕೇಬಲಿನ ಮಿತಿ 100 ಮೀಟರ್. ಮೇಲಾಗಿ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರ ಎಲ್ಲಾದರೂ ಸಿಡಿಲು ಬಡಿದರೆ ಉದ್ದನೆಯ ತಾಮ್ರದ ತಂತಿ ಆ ಆಘಾತವನ್ನು ಎರಡೂ ತುದಿಯ ಯಂತ್ರಗಳಿಗೆ ತಂದು ಸುಡುತ್ತದೆ. ಲೋಹದ ಭಾಗವೇ ಇಲ್ಲದ ಸಿಂಗಲ್ ಮೋಡ್ ಫೈಬರ್ ಕೇಬಲಿನಲ್ಲಿ ಆ ಭಯವಿಲ್ಲ. ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ಸಾಮಾನ್ಯ ನೆಟ್‌ವರ್ಕ್ ಕೇಬಲಿಗೆ ಜೋಡಿಸುವ ಡಬ್ಬಿ), ಗೋದಾಮಿನಲ್ಲಿ ಒಂದು ಆ್ಯಕ್ಸೆಸ್ ಪಾಯಿಂಟ್ ಇದ್ದರೆ ಮುಗಿಯಿತು. ಕೇಬಲನ್ನು ಮರದಿಂದ ಮರಕ್ಕೆ ಕಟ್ಟಿಸಬೇಡಿ. ನಿಮ್ಮ ಕಡೆ ಆನೆಗಳು ತೋಟದೊಳಗೆ ಓಡಾಡುತ್ತವೆ, ಗಾಳಿಗೆ ಕೊಂಬೆಗಳು ಬೀಳುತ್ತವೆ. ತೂಗುವ ತಂತಿ ಒಂದು ಮಳೆಗಾಲ ಉಳಿಯುವುದೂ ಕಷ್ಟ. ಸ್ಪ್ರಿಂಕ್ಲರ್ ಪೈಪಿಗೆ ಕಣಿ ತೋಡಿಸುವಾಗ ಅದರಲ್ಲೇ ಒಂದು ಎಚ್‌ಡಿಪಿಇ ಪೈಪು ಹಾಕಿ ಫೈಬರನ್ನು ಒಳಗೆ ಹಾಯಿಸಿದರೆ ಬೇರೆ ಕೂಲಿ ಬೀಳುವುದಿಲ್ಲ. ಎರಡು ಅಡಿಗಿಂತ ಕಡಿಮೆ ಆಳ ಬೇಡ, ಗುದ್ದಲಿಯ ಏಟು ಅಲ್ಲಿಯವರೆಗೂ ತಾಗೀತು. ತಿರುವುಗಳಲ್ಲಿ ಪೈಪನ್ನು ಒಮ್ಮೆಗೇ ಮಡಚದೆ ಅಗಲವಾಗಿ ಬಳಸಿ ತನ್ನಿ.

ಗೋದಾಮಿನಲ್ಲಿ ಕ್ಯಾಮೆರಾ, ತೂಕದ ಲೆಕ್ಕ ಇತ್ಯಾದಿಗಳಿಗೂ ನೆಟ್ ಬೇಕಿದ್ದರೆ ಈ ಖರ್ಚು ಸಾರ್ಥಕ. ಹಣ್ಣು ಕೊಯ್ಲಿನ ತಿಂಗಳುಗಳಲ್ಲಿ ಕಣದಲ್ಲಿ ಕೆಲಸ ಮಾಡುವವರು ಹಾಡು ಕೇಳುವುದಷ್ಟೇ ಉದ್ದೇಶವಾಗಿದ್ದರೆ ಪೆನ್‌ಡ್ರೈವ್ ಹಾಕುವ ಸೌಲಭ್ಯವಿರುವ ಒಂದು ಸ್ಪೀಕರ್ ತಂದು, ಅವರು ಮೆಚ್ಚುವ ಹಾಡುಗಳನ್ನು ಅವರನ್ನೇ ಕೇಳಿ ತುಂಬಿಸಿಕೊಡಿ.